ಎಮ್ಮೆ ಇಲ್ಲದ ಲೈನು

2024 ಜುಲೈ 14, ಭಾನುವಾರ

ಪಾಂಡವಪುರದಿಂದ ಅಕ್ಕನ ಮಗ ಲ್ಯಾಪ್‌ಟಾಪ್ ಹೊತ್ತು ಬಂದಿದ್ದಾನೆ. ಎಂಜಿನಿಯರಿಂಗ್ ಕೊನೆಯ ವರ್ಷ; ಓದಿಗಿಂತ ರೈಲಿನ ಹುಚ್ಚೇ ಒಂದು ಕೈ ಮೇಲು. ಟ್ರೈನ್ಜ್ ಅನ್ನುವ ಆಟದೊಳಗೆ ಪಾಂಡವಪುರದಿಂದ ಮೈಸೂರಿನವರೆಗಿನ ನಮ್ಮ ಲೈನನ್ನೇ ಕಟ್ಟುತ್ತಿದ್ದಾನೆ. ಆಸ್ಟ್ರೇಲಿಯಾದ ಕಂಪನಿಯೊಂದು 2001ರಲ್ಲಿ ತಂದ ಆಟವಂತೆ. ಹಳಿ ಹಾಸುವುದು, ದಿಬ್ಬ ಎಬ್ಬಿಸುವುದು, ಸಿಗ್ನಲ್ ನೆಡುವುದು ಎಲ್ಲ ಆಡುವವನ ಕೈಯಲ್ಲೇ. ಅದೇ ವರ್ಷ ಮೈಕ್ರೋಸಾಫ್ಟಿನವರದೂ ಒಂದು ಟ್ರೈನ್ ಸಿಮ್ಯುಲೇಟರ್ ಬಂದಿತ್ತು. ಅದರಲ್ಲಿ ಟೋಕಿಯೋದ ಒಡಾಕ್ಯು ಲೈನಿನ ಲೋಕಲ್ ರೈಲು ಇತ್ತು, ಅಮೆರಿಕದ ಬೆಟ್ಟ ಹತ್ತುವ ಗೂಡ್ಸ್ ಇತ್ತು, ನಮ್ಮದು ಮಾತ್ರ ಇರಲಿಲ್ಲ. ನಮ್ಮ ಕಡೆಯ ಹವ್ಯಾಸಿಗಳು ನಮ್ಮ ಎಂಜಿನ್ನು, ನಮ್ಮ ಬೋಗಿ ತಾವೇ ಮಾಡಿ ಅದಕ್ಕೆ ಸೇರಿಸಿಕೊಂಡರು. ಇವನು ಆ ಜಾತಿಯವನು.

ಊಟವಾದ ಮೇಲೆ ಗಾಡಿ ಓಡಿಸಿ ತೋರಿಸಿದ. ಎಂಜಿನ್ನಿನ ಗಾಜಿನಿಂದ ಕಾಣುವ ನೋಟ. ಹಳಿ ಉದ್ದಕ್ಕೆ ಬಂದು ಕಾಲಡಿ ನುಗ್ಗುತ್ತಿತ್ತು, ಎರಡೂ ಕಡೆ ಕಬ್ಬು.

"ಇದು ಯಾವ ಕಡೆಯದ್ಲಾ?" ಅಂದೆ.

"ಏನ್ ಮಾವ, ದಿನಾ ಓಡಾಡ್ತೀರಿ, ಗೊತ್ತಾಗಲ್ವಾ?"

ಹಳದಿ ಹಲಗೆಯ ಮೇಲೆ ನಮ್ಮೂರ ಹೆಸರು, ಶ್ರೀರಂಗಪಟ್ಟಣ ಅಂತ ಕಂಡಾಗಲೇ ತಿಳಿದದ್ದು. ಪಾಸ್ ಇಟ್ಟುಕೊಂಡು ಇಷ್ಟು ಕಾಲದಿಂದ ಮೈಸೂರಿಗೆ ಹೋಗಿಬರುತ್ತಿದ್ದೇನೆ. ಬೆಳಗಿನ ಗಾಡಿಯಲ್ಲಿ ಯಾವ ಕಿಟಕಿಗೆ ಬಿಸಿಲು ಬೀಳುತ್ತದೆ, ಯಾವ ಬೋಗಿಯಲ್ಲಿ ನಿಂತರೆ ಮೈಸೂರಿನಲ್ಲಿ ಮೆಟ್ಟಿಲು ಹತ್ತಿರ, ಎಲ್ಲ ಬಾಯಿಪಾಠ. ಆದರೆ ಆ ದಾರಿಯನ್ನು ಒಂದು ದಿನವೂ ಮುಂದಕ್ಕೆ ನೋಡಿದವನಲ್ಲ. ಪ್ಯಾಸೆಂಜರ್ ನೋಡುವುದೆಲ್ಲ ಅಡ್ಡಡ್ಡ.

ಜುಲೈ 16, ಮಂಗಳವಾರ

ಇವತ್ತು ಬೇಕೆಂದೇ ಬಾಗಿಲ ಹತ್ತಿರ ನಿಂತೆ. ಹೊಳೆಯ ಸೇತುವೆ ದಾಟುವಾಗ ಕಬ್ಬಿಣದ ಸದ್ದು ಎದೆಗೆ ಬಡಿಯಿತು. ಆಟದಲ್ಲೂ ಈ ಸದ್ದು ಇದೆ, ಅದು ಕಿವಿಗಷ್ಟೆ. ಗಮನಿಸಿದ ಇನ್ನೊಂದು ಸಂಗತಿ: ಸಿಗ್ನಲ್ ಕಂಬ ಎಷ್ಟೋ ಹಾದುಹೋದವು, ಒಂದರ ಬೆಳಕೂ ನನಗೆ ಕಾಣಲಿಲ್ಲ. ಕಂಡದ್ದು ಕಂಬ, ಏಣಿ, ದೀಪದ ಕಪ್ಪು ಬೆನ್ನು. ಸೀಟಿ ಊದಬೇಕೆಂದು ಡ್ರೈವರಿಗೆ ಹೇಳುವ ಡಬ್ಲ್ಯೂ-ಎಲ್ ಹಲಗೆಯ ಹಿಂಬದಿಯಷ್ಟೇ ನಮ್ಮ ಪಾಲು. ಲೈನಿನ ಬರವಣಿಗೆ ಎಲ್ಲ ಎಂಜಿನ್ನಿನವನ ಕಡೆ ಮುಖ ಮಾಡಿದೆ.

ಪಾಸಿನ ಗೆಳೆಯರಿಗೆ ಆಟದ ವಿಷಯ ಹೇಳಿದೆ. "ಅದ್ರಲ್ಲಿ ಸೀಟು ಸಿಗ್ತದಾ?" ಅಂದರು ಒಬ್ಬರು. ಅವರದ್ದೂ ಒಂದು ವಿಮರ್ಶೆಯೇ.

ಜುಲೈ 21, ಭಾನುವಾರ

ಕಿರಂಗೂರಿನ ಡ್ರೈವರ್ ಸಾಹೇಬರನ್ನು ಕರೆಸಿದ್ದೆವು. ಕ್ಲೀನರ್ ಆಗಿ ಸೇರಿ, ಮೀಟರ್ ಗೇಜಿನ ವೈಪಿ ಎಂಜಿನ್ನಿಗೆ ಕಲ್ಲಿದ್ದಲು ಎಸೆದು, ಡೀಸೆಲ್ ಗಾಡಿಯಲ್ಲಿ ನಿವೃತ್ತರಾದವರು. ಈಗ ಆ ಹುದ್ದೆಗೆ ಲೋಕೋ ಪೈಲಟ್ ಅನ್ನುತ್ತಾರೆ. ನಮ್ಮ ಬೀದಿಗೆ ಅವರು ಡ್ರೈವರ್ ಸಾಹೇಬರೇ.

ಹುಡುಗ ಕಬ್ಬಿನ ಗದ್ದೆ, ತೆಂಗಿನ ತೋಟ, ಕೋಟೆ ಗೋಡೆ ಎಲ್ಲ ತೋರಿಸಲು ಹೊರಟ. ಸಾಹೇಬರು ಒಂದನ್ನೂ ನೋಡಲಿಲ್ಲ. ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: "ಏರ್ ಎಷ್ಟದೆ?"

ಬ್ರೇಕ್ ಪೈಪಿನಲ್ಲಿ ಐದು ಕೆ.ಜಿ. ಒತ್ತಡ ಇರಬೇಕು; ಅದು ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಹುಡುಗ ಮುಳ್ಳು ತೋರಿಸಿದ, ಐದೇ ಇತ್ತು. ಗಾಡಿ ಹೊರಟಿತು. ಸ್ಟೇಷನ್ ಬರುವಾಗ ಸಾಹೇಬರು ಬ್ರೇಕ್ ಹಾಕಿಸಿದರು, ಗಾಡಿ ತಟ್ಟನೆ ನಿಧಾನವಾಯಿತು. ಅವರು ಕುರ್ಚಿಗೆ ಒರಗಿಬಿಟ್ಟರು.

"ಇಷ್ಟು ಬೇಗ ಹಿಡೀತದಾ? ಹಂಗಾರೆ ಇದು ಬಸ್ಸು ಕನಪ್ಪ."

ಆಮೇಲೆ ಬಿಡಿಸಿ ಹೇಳಿದರು. ಎ-9 ಅನ್ನುವ ಬ್ರೇಕ್ ಹಿಡಿ ಎಳೆದಾಗ ಮುಂದಿನ ಬೋಗಿಯ ಗಾಳಿ ಮೊದಲು ಇಳಿಯುತ್ತದೆ, ಕೊನೆಯ ಬೋಗಿಗೆ ಸುದ್ದಿ ಮುಟ್ಟುವುದು ತಡವಾಗಿ. ಬಿಡುವಾಗಲೂ ಹಾಗೇ. ಹಿಂದಿನದು ಇನ್ನೂ ಹಿಡಿದುಕೊಂಡಿರುವಾಗ ಮುಂದೆ ನಾಚ್ ಕೊಟ್ಟು ಎಂಜಿನ್ನು ಎಳೆದರೆ ಗಾಡಿ ಮೈಮುರಿಯುತ್ತದೆ, ಮೇಲಿನ ಬರ್ತಿನಲ್ಲಿ ಮಲಗಿದವರು ಶಾಪ ಹಾಕುತ್ತಾರೆ. ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದರೆ ಬೋಗಿಯಡಿಯ ಸಿಲಿಂಡರಿನ ಗಾಳಿ ಬರಿದಾಗುತ್ತ ಬರುತ್ತದೆ, ಬೇಕಾದಾಗ ಕೈಕೊಡುತ್ತದೆ. "ಬ್ರೇಕ್ ಹಾಕೋದು ಸ್ಟೇಷನ್‌ಗಲ್ಲ. ಇನ್ನೊಂದು ಅರ್ಧ ನಿಮಿಷದ ಮೇಲೆ ಎಲ್ಲಿರ್ತೀವೋ ಅಲ್ಲಿಗೆ."

ಆಟದಲ್ಲಿ ಎರಡು ಬಗೆಯ ನಿಯಂತ್ರಣವಿದೆಯಂತೆ. ಒಂದೇ ಗುಂಡಿ ತಿರುಗಿಸಿ ಓಡಿಸುವುದು ಒಂದು, ಕ್ಯಾಬಿನ ಹಿಡಿಗಳನ್ನೇ ಬಳಸುವುದು ಇನ್ನೊಂದು. ಹುಡುಗ ಇಷ್ಟು ಹೊತ್ತು ಓಡಿಸಿದ್ದು ಮೊದಲನೆಯದರಲ್ಲಿ. ಎರಡನೆಯದಕ್ಕೆ ಬದಲಾಯಿಸಿದ ಮೇಲೆ ಗಾಡಿಗೆ ತೂಕ ಬಂತು. ಸಾಹೇಬರು ಈ ಸಲ ನಮಗೆ ಹೊಳೆಯೇ ಕಾಣದಿದ್ದಾಗ ಬ್ರೇಕ್ ಹಾಕಿಸಿದರು. ಪ್ಲಾಟ್‌ಫಾರಂ ಮುಗಿಯಲು ಎರಡು ಬೋಗಿಯಷ್ಟು ಜಾಗ ಉಳಿಸಿ ಗಾಡಿ ನಿಂತಿತು, ಯಾರೂ ಮುಗ್ಗರಿಸದ ಹಾಗೆ. ಅವರ ಎಡಗೈ ಮಾತ್ರ ಮೇಜಿನ ಅಂಚಿನಲ್ಲಿ ಏನನ್ನೋ ತಡಕುತ್ತಿತ್ತು. ಹಾರ್ನಿನ ಹಿಡಿ ಇರಬೇಕು.

ಮೂರನೇ ಸಲ ಅವರೇ ಕೀಲಿಮಣೆ ಹಿಡಿದರು. ದೂರದಲ್ಲಿ ಸಿಗ್ನಲ್ ಕಂಡ ಕೂಡಲೇ ಬೆರಳು ತೋರಿಸಿ ಗಟ್ಟಿಯಾಗಿ, "ಹೋಂ ಸಿಗ್ನಲ್, ಒನ್ ಎಲ್ಲೋ!" ಅಂದು ನನ್ನ ಕಡೆ ತಿರುಗಿದರು. ಪಕ್ಕದ ಅಸಿಸ್ಟೆಂಟು ಅದನ್ನೇ ಮತ್ತೆ ಕೂಗಬೇಕು, ಇಬ್ಬರ ಕಣ್ಣಿಗೂ ಅದೇ ಬಣ್ಣ ಕಂಡಿದೆ ಅನ್ನುವುದಕ್ಕೆ. "ಒನ್ ಎಲ್ಲೋ!" ಅಂದೆ ನಾನೂ. ಅಡುಗೆಮನೆಯಿಂದ ನಮ್ಮವಳು ಏನಾಯಿತೋ ಅಂತ ಬಂದು ಇಣುಕಿದಳು.

ಹುಡುಗನ ಮೇಲೆ ಅವರಿಗಿದ್ದ ದೊಡ್ಡ ದೂರು ಬೇರೆ. ಗಾಡಿ ಓಡುತ್ತಿರುವಾಗ ಅವನು ಕಾಫಿ ತರಲು ಎದ್ದುಹೋದ. ಈಗಿನ ಎಂಜಿನ್ನುಗಳಲ್ಲಿ ಡ್ರೈವರು ಒಂದು ನಿಮಿಷ ಏನನ್ನೂ ಮುಟ್ಟದೆ ಕುಳಿತರೆ ದೀಪ ಮಿನುಗುತ್ತದೆ, ಆಮೇಲೆ ಸದ್ದು ಮಾಡುತ್ತದೆ, ಅದಕ್ಕೂ ಅಲ್ಲಾಡದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಈ ಆಟದಲ್ಲಿ ಗಾಡಿ ಯಾರೂ ಇಲ್ಲದೆ ನಾಗನಹಳ್ಳಿ ದಾಟಿತು.

ಹೊರಡುವಾಗ ಕೇಳಿದರು: "ಎಲ್ಲಾ ಸರಿ, ಎಮ್ಮೆ ಎಲ್ಲಿ? ಎಮ್ಮೆ ಇಲ್ದಿರೋ ಲೈನು ಯಾವ ಲೈನಪ್ಪ?" ನಾವು ನಕ್ಕೆವು. ಅವರು ಚಪ್ಪಲಿ ಮೆಟ್ಟುತ್ತ, "ಎಮ್ಮೆ ಆದ್ರೆ ಎಮ್ಮೆ. ಮನುಸ್ರು ಬಂದ್ರೆ ಹಾರ್ನ್ ಹೊಡೀತಾನೇ ಇರ್ಬೇಕು. ನೂರರ ಸ್ಪೀಡಲ್ಲಿದ್ದಾಗ ಎಮರ್ಜೆನ್ಸಿ ಹಾಕಿದ್ರೂ ನಿಲ್ಲೋದು ಎಷ್ಟೋ ದೂರ ಹೋಗಿ. ಅಲ್ಲೀಗಂಟ ನೋಡ್ತಾ ಕೂತಿರ್ಬೇಕು" ಅಂದರು. ಹುಡುಗ ಎಮ್ಮೆ ಹುಡುಕುತ್ತಿದ್ದವನು ಕೈ ನಿಲ್ಲಿಸಿದ.

ಜುಲೈ 24, ಬುಧವಾರ

ಜಪಾನಿನವರು ಈ ರೈಲಾಟದ ವಿಷಯದಲ್ಲಿ ಬೇರೆಯೇ ಹಂತದವರು. ಟೈಟೋ ಕಂಪನಿಯ ಡೆನ್ಶಾ ದೇ ಗೋ 1996ರಲ್ಲಿ ಆಟದಂಗಡಿಗಳಿಗೆ ಬಂತು. ಶತ್ರು ಇಲ್ಲ, ಗುಂಡು ಇಲ್ಲ. ಆಫೀಸಿಗೆ ಹೋಗುವವರ ಲೋಕಲ್ ರೈಲನ್ನು ಹೇಳಿದ ಸೆಕೆಂಡಿಗೆ ತಂದು ಗೆರೆಯ ಮೇಲೆ ನಿಲ್ಲಿಸಬೇಕು. ಜೋರಾಗಿ ಬ್ರೇಕ್ ಹಾಕಿದರೆ ಅಂಕ ಖೋತಾ. ಅದಕ್ಕೂ ಒಂದು ವರ್ಷ ಮೊದಲು ಮಿನೋರು ಮುಕೈಯಾ, ಕ್ಯಾಸಿಯೋಪಿಯಾ ಅನ್ನುವ ಜಾಜ್ ತಂಡದ ಕೀಬೋರ್ಡ್ ವಾದಕ, ನಿಜವಾದ ಲೈನನ್ನು ಎಂಜಿನ್ನಿನಿಂದ ಚಿತ್ರೀಕರಿಸಿ ಟ್ರೈನ್ ಸಿಮ್ಯುಲೇಟರ್ ಮಾಡಿದ್ದರು. ಆಮೇಲೆ ಅವರ ಕಂಪನಿ ರೈಲ್ವೆಯವರ ತರಬೇತಿಗೇ ಸಿಮ್ಯುಲೇಟರ್ ಮಾಡಿಕೊಟ್ಟಿತು. ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ನುಡಿಸುವ ರಾಗಗಳಿಗೂ ಅವರದೇ ಸಂಗೀತ. ಅಲ್ಲಿಯ ಡ್ರೈವರುಗಳೂ ಸಿಗ್ನಲ್ ಕಡೆ ಕೈ ತೋರಿಸಿ ಕೂಗುತ್ತಾರೆ. ಸಾಹೇಬರಿಗೆ ಹೇಳಬೇಕು.

ಸೆಕೆಂಡಿನ ಲೆಕ್ಕ ನಮ್ಮ ಪ್ಯಾಸೆಂಜರಿಗೆ ಹಾಕಿದರೆ ಆಟ ಶುರುವಾಗುವ ಮೊದಲೇ ಸೋಲು. ಇವತ್ತು ನಮ್ಮ ಗಾಡಿಯನ್ನು ನಿಲ್ಲಿಸಿ ಹಿಂದಿನಿಂದ ಎಕ್ಸ್‌ಪ್ರೆಸ್ ಬಿಟ್ಟರು. ಎಲ್ಲರೂ ಫೋನು ಎತ್ತಿ ಆಫೀಸಿಗೆ ಒಂದೇ ಮಾತು ಹೇಳಿದರು. ಅದನ್ನು ಆಟದಲ್ಲಿ ಹೇಗೆ ಹಾಕುವುದು?

ಜುಲೈ 28, ಭಾನುವಾರ

ಹುಡುಗನಿಗೂ ನನಗೂ ಜಗಳ. ಟಿಪ್ಪುವಿನ ಮದ್ದಿನ ಮನೆಯನ್ನು ಎಲ್ಲಿ ಇಡುವುದು?

ಸ್ಟೇಷನ್ ಪಕ್ಕದಲ್ಲೇ ಇದ್ದ ಆ ಇಟ್ಟಿಗೆ ಗಾರೆಯ ಕಟ್ಟಡ ಜೋಡಿ ಹಳಿಗೆ ಅಡ್ಡವಾಗಿತ್ತು. ಬೆಂಗಳೂರಿನಿಂದ ಮೈಸೂರಿನವರೆಗೆ ಎರಡನೇ ಹಳಿ ಬರುತ್ತಿದ್ದರೂ ನಮ್ಮೂರಿನ ತುಂಡು ಅದೊಂದಕ್ಕೆ ವರ್ಷಗಟ್ಟಲೆ ಕಾದಿತ್ತು. ಒಡೆಯುವಂತಿಲ್ಲ, ಸ್ಮಾರಕ. ಕೊನೆಗೆ 2017ರಲ್ಲಿ ಅಮೆರಿಕದ ಕಂಪನಿಯೊಂದನ್ನು ಕರೆಸಿ, ಸುಮಾರು 1000 ಟನ್ ತೂಕದ ಕಟ್ಟಡವನ್ನು ಬುಡಸಮೇತ ಜಾಕಿನ ಮೇಲೆ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಊರೇ ಬಂದು ನಿಂತು ನೋಡಿತ್ತು. ಆಮೇಲೆ ಎರಡನೇ ಹಳಿ ಬಂತು, ಕರೆಂಟಿನ ತಂತಿ ಬಂತು.

ಹುಡುಗ ಅದನ್ನು ಹಳೆಯ ಜಾಗದಲ್ಲೇ ಇಟ್ಟು, ಪಕ್ಕದಲ್ಲಿ ಎರಡು ಹಳಿ ಹಾಸಿ, ಮೇಲೆ ತಂತಿ ಎಳೆದಿದ್ದ. ಅಂಥ ಶ್ರೀರಂಗಪಟ್ಟಣ ಯಾವ ದಿನವೂ ಇರಲಿಲ್ಲ.

"ಚೆನ್ನಾಗಿ ಕಾಣ್ತದೆ ಮಾವ."

"ಕಾಣ್ತದೆ. ಯಾವ ವರ್ಷ ಅಂತ ಹೇಳು."

ಇಲ್ಲೇ ಇರುವುದು ಗಂಟು. ಬೆಂಗಳೂರು-ಮೈಸೂರು ಹಳಿ ಧಾತು-ಈಶ್ವರ ಸಂವತ್ಸರಗಳ ಬರದ ಪರಿಹಾರ ಕಾಮಗಾರಿಯಾಗಿ ಆರಂಭವಾದದ್ದು, ಮೀಟರ್ ಗೇಜು. ಪಾಂಡವಪುರ ಸ್ಟೇಷನ್ನಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರು. ಹೈದರ್-ಟಿಪ್ಪು ಕಾಲದ ಫ್ರೆಂಚ್ ಪಾಳೆಯದ ನೆನಪು. 2022ರ ಅಕ್ಟೋಬರಿನವರೆಗೆ ಟಿಪ್ಪು ಎಕ್ಸ್‌ಪ್ರೆಸ್, ಆಮೇಲೆ ಅದೇ ಗಾಡಿ ಒಡೆಯರ್ ಎಕ್ಸ್‌ಪ್ರೆಸ್. ಅದೇ ನವೆಂಬರಿನಿಂದ ವಂದೇ ಭಾರತ್. ಹಳಿ, ತಂತಿ, ಹೆಸರು, ಬಣ್ಣ, ಯಾವುದೊಂದನ್ನು ಮುಟ್ಟಿದರೂ ಅದರ ಹಿಂದೆ ಒಂದು ವರ್ಷ ಎದ್ದು ಬರುತ್ತದೆ. ಎಲೆ ಅಲ್ಲಾಡುವುದು, ಗಾಜಿನ ಮೇಲೆ ಮಳೆಹನಿ ಜಾರುವುದು ಎಲ್ಲ ಅಚ್ಚುಕಟ್ಟಾಗಿದೆ, ಒಪ್ಪಿದೆ. ಪಂಚಾಂಗ ತಪ್ಪಿದರೆ ಅಚ್ಚುಕಟ್ಟನ್ನು ಏನು ಮಾಡುವುದು?

ಪ್ಲಾಟ್‌ಫಾರಂ ಮೇಲೆ ಅವನು ನಿಲ್ಲಿಸಿರುವ ಜನರನ್ನಂತೂ ಕೇಳುವುದೇ ಬೇಡ. ಕೋಟು ತೊಟ್ಟು ಸೂಟ್‌ಕೇಸ್ ಹಿಡಿದ ಬಿಳಿಯರು, ಅದೂ ಒಬ್ಬನೇ ನಾಲ್ಕು ಕಡೆ. ಆಟದ ಜೊತೆಗೇ ಬರುವ ಗೊಂಬೆಗಳಂತೆ. ಸೊಪ್ಪಿನ ಕಂತೆ ಹೊತ್ತ ಒಬ್ಬ ಹೆಂಗಸನ್ನಾದರೂ ಮಾಡು ಅಂದಿದ್ದೇನೆ.

ಆಗಸ್ಟ್ 1, ಗುರುವಾರ

ಕನ್ನಂಬಾಡಿ ಕಟ್ಟೆ ತುಂಬಿದೆ, ಲಕ್ಷಕ್ಕೂ ಮೀರಿ ಕ್ಯೂಸೆಕ್ ಬಿಡುತ್ತಿದ್ದಾರೆ. ರಂಗನತಿಟ್ಟಿನಲ್ಲಿ ದೋಣಿ ನಿಂತಿದೆ. ಗಾಡಿ ಸೇತುವೆಗೆ ಬಂದಾಗ ಇಡೀ ಬೋಗಿ ಒಂದೇ ಪಕ್ಕಕ್ಕೆ ಎದ್ದು ಬಂತು, ಇಸ್ಪೀಟಿನವರೂ ಎಲೆ ಮಡಚಿಟ್ಟರು. ಕೆಂಪು ನೀರು, ಕಂಬಗಳ ಸುತ್ತ ನೊರೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಬಂಡೆಗಳು ಬೋರಲು ಬಿದ್ದಿದ್ದವು. ಮಂಡ್ಯದಲ್ಲಿ ನೀರಿಗಾಗಿ ಬಂದ್ ನಡೆಯುತ್ತಿತ್ತು.

ಹುಡುಗನ ಆಟದಲ್ಲಿ ಹೊಳೆ ನೀಲಿ. ಏರುವುದಿಲ್ಲ, ಇಳಿಯುವುದಿಲ್ಲ. ಫೋಟೋ ತೆಗೆದು ಕಳಿಸಿದೆ. "ನೀರಿನ ಬಣ್ಣ ಬದಲಾಯಿಸ್ಬೋದು ಮಾವ, ಮಟ್ಟ ಆಗಲ್ಲ" ಅಂತ ಬರೆದ. ಕಾವೇರಿ ಮಟ್ಟ ಬದಲಾಗದಿದ್ದರೆ ಎರಡು ರಾಜ್ಯಕ್ಕೂ ನೆಮ್ಮದಿ.

ಆಗಸ್ಟ್ 4, ಭಾನುವಾರ

ಕೊನೆಗೂ ರಾಜಿಯಾಯಿತು. ಜೋಡಿ ಹಳಿ ಬರುವ ಮುಂಚಿನ ವರ್ಷವನ್ನೇ ಹಿಡಿಯುವುದು. ಒಂಟಿ ಹಳಿ, ತಂತಿ ಇಲ್ಲ, ಡೀಸೆಲ್ ಎಂಜಿನ್ನು, ಮದ್ದಿನ ಮನೆ ತನ್ನ ಜಾಗದಲ್ಲಿ. ಕ್ರಾಸಿಂಗ್ ಕೂಡ ಹಾಕಿಸಿದೆ: ಪಾಂಡವಪುರದಲ್ಲಿ ಗಾಡಿ ನಿಲ್ಲಬೇಕು, ಎದುರಿನ ಎಕ್ಸ್‌ಪ್ರೆಸ್ ಬಂದು ಹೋಗುವವರೆಗೆ ಸಿಗ್ನಲ್ ಬೀಳಬಾರದು. ಹುಡುಗ ಎರಡು ನಿಮಿಷಕ್ಕೆ ಚಡಪಡಿಸಿದ. "ಸುಮ್ನೆ ಕೂತಿರೋದಾ?" ಹೌದು ಕನಪ್ಪ, ನಾವು ಕೂತಿದ್ದದ್ದೂ ಹಾಗೇ. ಕೆಳಗಿಳಿದು ಬೀಡಿ ಸೇದಿ, ಕಳ್ಳೇಕಾಯಿ ಬಿಡಿಸಿ, ಯಾರದೋ ಮಗಳ ಮದುವೆ ಮಾತು ಮುಗಿಸಿ, ಆಮೇಲೆ ಹತ್ತುತ್ತಿದ್ದದ್ದು.

ಸಾಹೇಬರಿಗೆ ಖುಷಿಯಾಗುತ್ತದೆ ಅಂದುಕೊಂಡು ಕರೆಸಿದೆವು. ಅವರ ಕಾಲದ ಲೈನು, ಅವರ ಎಂಜಿನ್ನು, ಎಂಟು ನಾಚು. ನೋಡಿದರು, ತಲೆ ಆಡಿಸಿದರು, ಕೀಲಿಮಣೆ ಮುಟ್ಟಲಿಲ್ಲ.

"ಇದನ್ನ ಓಡಿಸಿದೀನಲ್ಲಪ್ಪ. ಓಡಿಸಿದ್ದನ್ನೇ ಯಾಕೆ ಓಡಿಸ್ಲಿ? ತಂತಿ ಇರೋದು ಕೊಡು."

ಅವರು ನಿವೃತ್ತರಾದಾಗ ಈ ಲೈನಿಗೆ ಕರೆಂಟು ಬಂದಿರಲಿಲ್ಲ. ಅವರ ಡಬ್ಲ್ಯೂಡಿಎಂ-2 ಎಂಜಿನ್ನಿಗೆ 2600 ಕುದುರೆಯ ಬಲ. ಈಗಿನ ವ್ಯಾಪ್-7ಕ್ಕೆ 6000 ಮೀರಿ. ಹುಡುಗ ಹಿಂದಿನ ವಾರದ ತಪ್ಪು ಲೈನನ್ನೇ ಮತ್ತೆ ತೆರೆದ: ಎರಡು ಹಳಿ, ತಂತಿ, ಅಲ್ಲಿರಬಾರದ ಮದ್ದಿನ ಮನೆ. ಸಾಹೇಬರಿಗೆ ಅದೊಂದೂ ಲೆಕ್ಕಕ್ಕಿಲ್ಲ. ಗಾಡಿ ಎತ್ತಿದ ರಭಸಕ್ಕೆ ಹುಬ್ಬೇರಿಸಿದರು, ಮೈಸೂರು ಮುಟ್ಟುವ ತನಕ ಕಾಫಿ ಕಡೆ ತಿರುಗಲಿಲ್ಲ. ಆಮೇಲೆ ಜೇಬಿನಿಂದ ಚೀಟಿ ತೆಗೆದರು. ಕೆಲಸದಲ್ಲಿರುವ ಹುಡುಗರನ್ನು ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದಂತೆ: ತಂತಿಯಲ್ಲಿ ಕರೆಂಟಿಲ್ಲದ ನ್ಯೂಟ್ರಲ್ ಸೆಕ್ಷನ್ ಬರುವುದಕ್ಕೆ 500 ಮೀಟರ್ ಮುಂಚೆ ಒಂದು ಹಲಗೆ, 250ಕ್ಕೆ ಇನ್ನೊಂದು, ಆಮೇಲೆ ಡಿಜೆ, ಅಂದರೆ ಎಂಜಿನ್ನಿನ ಮೇನ್ ಸ್ವಿಚ್ಚು, ಬಿಡಬೇಕು, ದಾಟಿದ ಮೇಲೆ ಹಾಕಬೇಕು.

"ಈ ಹಲಗೆ ಎಲ್ಲಿ ಹಾಕಿದೀಯ?"

"ಆಟದಲ್ಲಿ ಕರೆಂಟು ಹೋಗೋದೇ ಇಲ್ಲ ಸಾರ್."

"ಹೋಗಂಗೆ ಮಾಡು. ಮುಂದಿನ ಭಾನುವಾರ ಬತ್ತೀನಿ."