ಹಸಿರಾದ ಕೆಂಪು ನದಿ

ಅಮೆರಿಕಾದ ಅರಿಝೋನಾ ಸಂಸ್ಥಾನದ ಉತ್ತರದ ಗಡಿಯ ಬಳಿ ಪೇಜ್ ಎಂಬ ಪುಟ್ಟ ಊರಿದೆ. ಅಲ್ಲಿಂದ ನೈಋತ್ಯಕ್ಕೆ 4 ಮೈಲಿ ಸಾಗಿದರೆ ಹೆದ್ದಾರಿಯ ಮಗ್ಗುಲಲ್ಲಿ ಮೋಟಾರುಗಳು ತಂಗುವ ವಿಶಾಲವಾದ ಬಯಲು. ಅಲ್ಲಿ ನಿಂತು ಸುತ್ತ ನೋಡಿದವನಿಗೆ ಕಾಣುವುದು ಕೆಂಪು ಮರಳು, ಅಲ್ಲಲ್ಲಿ ಮೊಣಕಾಲೆತ್ತರದ ಕುರುಚಲು, ತಲೆಯ ಮೇಲೆ ಬಿಸಿಲು. ಇಲ್ಲೊಂದು ಮಹಾನದಿ ಹರಿಯುತ್ತಿದೆಯೆಂದರೆ ನಂಬುವುದು ಕಷ್ಟ. ಆದರೆ ವರ್ಷವರ್ಷವೂ ಲಕ್ಷಗಟ್ಟಲೆ ಜನರು ಈ ಮರಳುಗಾಡಿಗೆ ಬರುವುದು ಆ ನದಿಯನ್ನು ನೋಡುವುದಕ್ಕಾಗಿಯೇ.

ಸ್ಥಳದ ಹೆಸರು ಹಾರ್ಸ್‌ಷೂ ಬೆಂಡ್, ಎಂದರೆ ಕುದುರೆಲಾಳದ ತಿರುವು. ನಡಿಗೆಯು ದೊಡ್ಡದೇನಲ್ಲ. ಹೋಗಿ ಬರುವುದೆಲ್ಲ ಸೇರಿ ಒಂದೂವರೆ ಮೈಲಿ. ಹಿಂದೆ ಮರಳಿನಲ್ಲಿ ಕಾಲು ಹೂತುಕೊಂಡು ದಿಬ್ಬವನ್ನು ಏರಿ ಇಳಿಯಬೇಕಾಗಿತ್ತು. ಈಗ ಗಟ್ಟಿಯಾದ ದಾರಿಯನ್ನು ಮಾಡಿರುವುದರಿಂದ ಗಾಲಿಕುರ್ಚಿಯಲ್ಲಿ ಕುಳಿತವರೂ ಅಂಚಿನವರೆಗೆ ಹೋಗಬಹುದು. ನಡುವೆ ನೆರಳಿಗೆಂದು ಚಪ್ಪರಗಳಿವೆ. ಮರವೆಂಬುದು ಮಾತ್ರ ಹುಡುಕಿದರೂ ಇಲ್ಲ. ಬೇಸಗೆಯಲ್ಲಿ ಶಾಖವು 100 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟುವ ದಿನಗಳುಂಟು. ನೀರಿನ ಸೀಸೆಯಿಲ್ಲದೆ, ತಲೆಗೆ ಟೋಪಿಯಿಲ್ಲದೆ ಹೊರಟವರು ಅರ್ಧದಾರಿಯಲ್ಲೇ ಪೇಚಾಡುತ್ತಾರೆ. ಹೋಗುವಾಗ ದಾರಿಯು ಬಹುಮಟ್ಟಿಗೆ ಇಳುಕಲಾದ್ದರಿಂದ ಮಕ್ಕಳು ಓಡುತ್ತಾರೆ. ಅದೇ ಏರು ಹಿಂದಿರುಗುವಾಗ ಕಾದಿರುತ್ತದೆಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಕೊನೆಯ ಕೆಲವು ಹೆಜ್ಜೆಗಳವರೆಗೂ ನದಿಯ ಸುಳಿವಿಲ್ಲ. ಬಂಡೆಯು ಮುಂದಕ್ಕೆ ಚಾಚಿದೆ, ಅದರಾಚೆ ಇನ್ನೊಂದು ಬಂಡೆಯಿದೆ, ಅಷ್ಟೇ. ಮುಂದಿನ ಹೆಜ್ಜೆಗೆ ನೆಲವೇ ಮುಗಿದುಹೋಗುತ್ತದೆ. ಕೆಳಗೆ, ನೆಟ್ಟಗೆ 1000 ಅಡಿ ಆಳದಲ್ಲಿ, ಕೊಲೊರಾಡೋ ನದಿಯು ಒಂದು ಕೆಂಪು ಬಂಡೆಯ ಗುಡ್ಡವನ್ನು ಮುಕ್ಕಾಲು ಸುತ್ತು ಬಳಸಿಕೊಂಡು ಬಂದ ದಿಕ್ಕಿನತ್ತಲೇ ಹಿಂತಿರುಗುತ್ತದೆ. ನಮ್ಮ ಜೋಗದ ರಾಜನು ಧುಮುಕುವುದು 830 ಅಡಿ. ಅದಕ್ಕಿಂತ ಹೆಚ್ಚು ಆಳವಿದು. ನೀರಿನ ಮೇಲೆ ಸಾಗುವ ದೋಣಿಗಳು ಅಕ್ಕಿಕಾಳಿನಷ್ಟು ಕಾಣುತ್ತವೆ. ಸದ್ದು ಮಾತ್ರ ಮೇಲಕ್ಕೆ ಬಾರದು.

ಅಂಚಿನ ಒಂದು ಭಾಗಕ್ಕೆ ಮಾತ್ರ ಕಬ್ಬಿಣದ ಕಟಕಟೆಯಿದೆ. ಉಳಿದೆಡೆ ಬಂಡೆ ಮತ್ತು ಬಯಲು, ಇಷ್ಟೇ. ಮರಳುಕಲ್ಲು ಪುಡಿಪುಡಿಯಾಗಿ ಜಾರುತ್ತದೆ, ಗಾಳಿಯೂ ಜೋರು. ಛಾಯಾಚಿತ್ರದ ಆಸೆಯಿಂದ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರೂ ಉಂಟು. ಮಕ್ಕಳ ಕೈ ಹಿಡಿದವರು ಕಟಕಟೆಯ ಬಳಿಯೇ ನಿಲ್ಲುವುದು ಲೇಸು; ನೋಟವು ಅಲ್ಲಿಂದ ಎಳ್ಳಷ್ಟೂ ಕಡಮೆಯಿಲ್ಲ. ಬೆಳಗಿನ ಹೊತ್ತು ಕಣಿವೆಯ ತಳವು ನೆರಳಿನಲ್ಲಿರುತ್ತದೆ, ಸಂಜೆ ಸೂರ್ಯನು ಎದುರಿಗೇ ಇಳಿದು ಕಣ್ಣು ಕುಕ್ಕುತ್ತಾನೆ. ನೀರಿನ ಬಣ್ಣವನ್ನು ನೋಡಬೇಕೆನ್ನುವವರಿಗೆ ನಡುಹಗಲಿನ ಆಸುಪಾಸೇ ಒಳ್ಳೆಯದು.

ಈ ಬಂಡೆಯು ಒಂದು ಕಾಲಕ್ಕೆ ಬರಿಯ ಮರಳಿನ ದಿಣ್ಣೆಯಾಗಿತ್ತು. ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿಯು ರಾಶಿಹಾಕಿದ ಮರಳು ಹೂತು, ಒತ್ತಿ, ಕಲ್ಲಾಯಿತು. ಮರಳಿನ ಕಣಗಳಿಗೆ ಅಂಟಿದ ಕಬ್ಬಿಣವು ತುಕ್ಕುಹಿಡಿದುದರಿಂದ ಈ ಕೆಂಪು. ಆಮೇಲೆ ಸಮತಟ್ಟಾದ ನೆಲದಲ್ಲಿ ನದಿಯು ಹಾವಿನಂತೆ ಅಂಕುಡೊಂಕಾಗಿ ಹರಿಯಿತು. ಕಾಲಕ್ರಮದಲ್ಲಿ ಆ ನೆಲವೆಲ್ಲ ಮೇಲಕ್ಕೆದ್ದಿತು. ನದಿಯು ತನ್ನ ಹಳೆಯ ಡೊಂಕನ್ನು ಬಿಡದೆ, ಇದ್ದಲ್ಲಿಯೇ ಬಂಡೆಯನ್ನು ಕೊರೆಯುತ್ತ ಕೆಳಗಿಳಿಯಿತು.

ಹೀಗೆ ಬಂಡೆಯ ಕೆಂಪಿಗೆ ಕಾರಣ ತಿಳಿಯಿತು. ನೀರಿನ ಹಸಿರಿಗೆ? ಚಿತ್ರಗಳಲ್ಲಿ ಎಲ್ಲರ ಕಣ್ಣನ್ನು ಸೆಳೆಯುವುದು ಕೆಂಪಿನ ನಡುವಿನ ಆ ಮರಕತದ ಹಸಿರೇ. ಆದರೆ ಕೊಲೊರಾಡೋ ಎಂಬ ಸ್ಪಾನಿಷ್ ಮಾತಿನ ಅರ್ಥವೇ ಕೆಂಪಾದುದು ಎಂದು. ಹೆಸರಿಟ್ಟವರು ಕುರುಡರಲ್ಲ. ಅವರು ಕಂಡ ನದಿಯು ಕೆಮ್ಮಣ್ಣನ್ನು ಕದಡಿಕೊಂಡು ಹರಿಯುತ್ತಿತ್ತು. 1869ರಲ್ಲಿ ಜಾನ್ ವೆಸ್ಲಿ ಪವೆಲ್ ಎಂಬಾತನು, ಯುದ್ಧದಲ್ಲಿ ಒಂದು ತೋಳನ್ನು ಕಳೆದುಕೊಂಡಿದ್ದವನು, ನಾಲ್ಕು ದೋಣಿಗಳಲ್ಲಿ ಹೊರಟು ಈ ತಿರುವನ್ನು ದಾಟಿ ಹೋದಾಗ ಇಲ್ಲಿದ್ದುದು ಆ ಮಣ್ಣುನೀರೇ. ಈ ಕಣಿವೆಗೆ ಗ್ಲೆನ್ ಕ್ಯಾನಿಯನ್ ಎಂದು ಹೆಸರಿಟ್ಟವನೂ ಅವನೇ.

ನದಿಯ ಬಣ್ಣವು ಬದಲಾದುದು 1963ರಲ್ಲಿ. ತಿರುವಿನಿಂದ 5 ಮೈಲಿ ಮೇಲೆ, 710 ಅಡಿ ಎತ್ತರದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಆ ವರ್ಷದ ಮಾರ್ಚಿಯಲ್ಲಿ ನೀರನ್ನು ತಡೆಯಿತು. ಕೆಲಸಗಾರರಿಗಾಗಿ ಕಟ್ಟಿದ ಬಿಡಾರವೇ ಇಂದಿನ ಪೇಜ್ ಊರು. ಆ ನೆಲವು ನವಾಹೊ ಜನರದು, ಅವರಿಗೆ ಬದಲಿಯಾಗಿ ಯೂಟಾದಲ್ಲಿ ಬೇರೆ ನೆಲ ಕೊಡಲಾಯಿತು. ಹಿಂದೆ ತುಂಬಿದ ಸರೋವರಕ್ಕೆ ಪವೆಲನ ಹೆಸರನ್ನೇ ಇಟ್ಟರು. ಅವನು ಮೆಚ್ಚಿ ಹೆಸರಿಟ್ಟ ಕಣಿವೆಯನ್ನು ಮುಳುಗಿಸಿದ ನೀರಿಗೆ ಅವನ ಹೆಸರು! ಸರೋವರವು ಮೊದಲ ಬಾರಿಗೆ ತುಂಬಲು 1980ರವರೆಗೆ ಕಾಯಬೇಕಾಯಿತು. ನದಿ ತಂದ ಮಣ್ಣೆಲ್ಲ ಅದರ ತಳದಲ್ಲಿ ಕೂರುತ್ತದೆ. ಹೊರಬರುವುದು ತಿಳಿಯಾದ ತಣ್ಣೀರು. ಪ್ರವಾಸಿಗನು ಅಂಚಿನಲ್ಲಿ ನಿಂತು ಬೆರಗಾಗುವ ಹಸಿರಿಗೆ, ಹೀಗೆ, ಇನ್ನೂ ನೂರು ವರ್ಷ ತುಂಬಿಲ್ಲ.

ಕೆಳಗಿನ ಗ್ರಾಂಡ್ ಕ್ಯಾನಿಯನ್ನಿನಲ್ಲಿ ಇದರ ಬೆಲೆ ತೆತ್ತದ್ದು ಮೀನುಗಳು. ಬೆಚ್ಚನೆಯ ಕೆಸರುನೀರಿಗೆ ಒಗ್ಗಿದ ಕೆಲವು ಜಾತಿಗಳು ಅಲ್ಲಿಂದ ಮರೆಯಾದವು. ಹೊಸ ಮಣ್ಣು ಬರದೆ ನದಿಯ ದಡದ ಮರಳು ಕರಗತೊಡಗಿತು. ಅದನ್ನು ಮತ್ತೆ ಕೂಡಿಸಲೆಂದು 1996ರಿಂದೀಚೆಗೆ ಆಗಾಗ ಅಣೆಕಟ್ಟಿನಿಂದ ಕೃತಕ ಪ್ರವಾಹವನ್ನು ಬಿಟ್ಟು ನೋಡಿದ್ದಾರೆ. ಇನ್ನೊಂದು ಕಡೆ, ಅಣೆಕಟ್ಟಿನಿಂದ ವಿದ್ಯುತ್ತು ಬಂದಿದೆ, ಬರಗಾಲಕ್ಕೆ ನೀರಿನ ಗಂಟು ಸಿಕ್ಕಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಿದ್ದ ಮೇಲೆ ಜೋಗವನ್ನು ಕಂಡವರಿಗೆ, ಮುಳುಗಿದ ಊರುಗಳವರ ಮಾತು ಕೇಳಿದವರಿಗೆ, ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಳುಗಿದುದೇನು ಎಂಬುದು ಅಮೆರಿಕದವರಿಗೇ ತಡವಾಗಿ ತಿಳಿಯಿತು. ಬೇರೊಂದು ಕಣಿವೆಯನ್ನು ಉಳಿಸುವ ಹೋರಾಟದಲ್ಲಿದ್ದ ಸಿಯೆರಾ ಕ್ಲಬ್ಬು ಗ್ಲೆನ್ ಕ್ಯಾನಿಯನ್ನಿನ ವಿಷಯದಲ್ಲಿ ಪಟ್ಟುಹಿಡಿಯಲಿಲ್ಲ. ಅದರ ನಾಯಕನಾಗಿದ್ದ ಡೇವಿಡ್ ಬ್ರೋವರನು ಕಣಿವೆಯನ್ನು ಕಣ್ಣಾರೆ ಕಂಡ ಮೇಲೆ ಬಾಳಿನುದ್ದಕ್ಕೂ ಪರಿತಪಿಸಿದನು. 1963ರಲ್ಲಿ ಕ್ಲಬ್ಬು ಎಲಿಯಟ್ ಪೋರ್ಟರನ ಛಾಯಾಚಿತ್ರಗಳ ಪುಸ್ತಕವೊಂದನ್ನು ಹೊರತಂದಿತು. ಅದರ ಹೆಸರಿನ ಅರ್ಥ, ಯಾರೂ ಅರಿಯದಿದ್ದ ತಾಣ.

ಅರ್ಧದಿನದ ಬಿಡುವುಳ್ಳವರು ತಿರುವಿನಿಂದ ನೇರವಾಗಿ ಊಟದ ಮನೆಗೆ ಹೋಗದೆ ಅಣೆಕಟ್ಟಿನ ಪಕ್ಕದ ಸಂದರ್ಶಕರ ಕೇಂದ್ರಕ್ಕೆ ಹೋಗಿಬರುವುದು ಒಳ್ಳೆಯದು. (ಗಡಿಯಾರದ ಬಗ್ಗೆ ಎಚ್ಚರವಿರಲಿ: ಬೇಸಗೆಯಲ್ಲಿ ಸುತ್ತಲಿನ ನವಾಹೊ ನಾಡಿನ ಗಡಿಯಾರಗಳು ಪೇಜಿಗಿಂತ ಒಂದು ಗಂಟೆ ಮುಂದಿರುತ್ತವೆ.) ಬರಗಾಲದ ವರ್ಷಗಳಲ್ಲಿ ಸರೋವರ ಇಳಿದಿದೆ, 2023ರ ಆರಂಭದಲ್ಲಿ ಅದು, ತುಂಬಿದಂದಿನಿಂದ ಆವರೆಗೆ ಕಂಡರಿಯದಷ್ಟು ಕೆಳಗಿತ್ತು. ನೀರು ಇಳಿದಲ್ಲೆಲ್ಲ ಕೆಂಪು ಗೋಡೆಗಳ ಮೇಲೆ ಸುಣ್ಣ ಬಳಿದಂತಹ ಬಿಳಿಯ ಪಟ್ಟೆ ಉಳಿದಿದೆ. ಅರುವತ್ತು ವರ್ಷಗಳ ಹಿಂದೆ ಮುಳುಗಿದ ಕೆಲವು ಪಕ್ಕದ ಕಣಿವೆಗಳು ಆ ಪಟ್ಟೆಯ ಕೆಳಗೆ ಮತ್ತೆ ಬೆಳಕು ಕಂಡಿವೆ. ತೊರೆಗಳು ಹೂಳನ್ನು ಕೊಚ್ಚಿಕೊಂಡು ಹರಿಯುತ್ತಿವೆ, ದಡದಲ್ಲಿ ಎಳೆಯ ವಿಲ್ಲೋ ಗಿಡಗಳು ಎದ್ದಿವೆ. ಆ ತೊರೆಗಳ ನೀರು ಕೆಂಪಾಗಿಯೇ ಇದೆ.