ಎರಿಹೊಲದಾಗ ಡಬ್ಬಿ ಮನಿ

ಹೊಲದಾಗ ತಂದಿಟ್ಟ ಕ್ಯಾಬಿನ್ ಮನಿ ಬಗ್ಗೆ ಭಾಳ ಮಂದಿ ಕೇಳಾಕತ್ತೀರಿ. ಮಾಡಿದ ತಪ್ಪೂ ಸೇರಿಸಿ ಇಲ್ಲೇ ಬರೀತೀನಿ.

ಅಲ್ಲಿ ಮೊದಲು ಅಪ್ಪಾರು ಕಟ್ಟಿಸಿದ ಇಟ್ಟಂಗಿ ಖೋಲಿ ಇತ್ತು. ನಮ್ಮ ಎರಿಮಣ್ಣು ನಿಮಗೂ ಗೊತ್ತದ. ಮಳಿಗೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೂರೇ ವರ್ಷಕ್ಕೆ ಗೋಡೆ ಸೀಳಿತು. ಕಡಲೆ, ಮೆಣಸಿನಕಾಯಿ ಕಾಯಲು ಅಪ್ಪಾರು ಅದರಾಗೇ ಮಲಗುತ್ತಿದ್ದರು. ಊರಾಗ ನನಗೆ ನಿದ್ದಿ ಹತ್ತುತ್ತಿರಲಿಲ್ಲ.

ಅದಕ್ಕೇ ಹೋದ ಬ್ಯಾಸಗ್ಯಾಗ 2.4 ಲಕ್ಷ ಕೊಟ್ಟು 20 ಅಡಿ ಉದ್ದ, 10 ಅಡಿ ಅಗಲದ ಕ್ಯಾಬಿನ್ ತರಿಸಿದೆ. ಅಪ್ಪಾರು ಸುತ್ತ ಒಂದು ಸಲ ಅಡ್ಡಾಡಿ, "ಇದು ಮನಿ ಅಲ್ಲೋ ತಮ್ಮಾ, ಡಬ್ಬಿ" ಅಂದ್ರು.

ಮಾರಿದವರು "ಕಲ್ಲಿನ ಮ್ಯಾಲೆ ಇಟ್ಟರೆ ಸಾಕು" ಅಂದಿದ್ರು. ಆರು ಸೈಜುಗಲ್ಲು ಹಂಗೇ ಎರಿಮಣ್ಣಿನ ಮ್ಯಾಲೆ ಇಟ್ಟು, ಕ್ರೇನ್‌ನಿಂದ ಕೂಡಿಸಿದ್ವಿ. ನನ್ನ ಹೊಲದ ಮಣ್ಣು ನನಗ ಗೊತ್ತಿರಬೇಕಿತ್ತು. ಮುಂಗಾರಿನ ಎರಡು ದೊಡ್ಡ ಮಳಿ ಆದ ಮೇಲೆ ಒಂದು ಮೂಲಿ ಕುಸಿಯಿತು, ಬಾಗಿಲು ಹತ್ತವಲ್ದು. ಒಂದಿನ ಮುಂಜಾನೆ ಹೋದರೆ ಅಪ್ಪಾರು ಬಾಗಿಲಿಗೆ ಹಗ್ಗ ಕಟ್ಟಿ ಮಲಗಿದ್ದರು. ಏನೂ ಅನ್ನಲಿಲ್ಲ. ಅಂದಿದ್ರೇ ಚಲೋ ಇತ್ತು.

ಹಾದಿ ಆರಿದ ಮೇಲೆ ಮತ್ತೆ ಕ್ರೇನ್ ಕರೆಸಿ, ಕ್ಯಾಬಿನ್ ಬದಿಗಿಟ್ಟು, ಗರಸು ಸಿಗೋ ತನಕ ಆರು ಗುಂಡಿ ತೆಗೆದ್ವಿ. ನಮ್ಮಲ್ಲಿ 5 ಅಡಿಗೆ ಸಿಕ್ಕಿತು. ಅಲ್ಲಿಂದ ಕಬ್ಬಿಣ ಹಾಕಿ ಕಾಂಕ್ರೀಟ್ ಕಂಬ ಎಬ್ಬಿಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕ್ಯಾಬಿನ್ ಕೂಡಿಸಿದ್ವಿ. ಕೆಳಗೆ ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ.

ನೀವು ತರೋದಾದ್ರೆ ಮೊದಲು ಕಂಬ ಹಾಕಿಸ್ರಿ, ಕ್ಯಾಬಿನ್ ಆಮೇಲೆ. ಲಾರಿ ತಿರುಗಾಕ ಜಾಗ ಅದ ಏನು, ಹಾದಿಗೆ ಅಡ್ಡ ಕರೆಂಟ್ ತಂತಿ ಎಷ್ಟು ಎತ್ತರ ಅದ, ನೋಡ್ರಿ. ಎಲ್ಲಾ ತಗಡು ಇರೋದರಿಂದ ಅರ್ಥಿಂಗ್ ಬಿಡಬ್ಯಾಡ್ರಿ. ಬಾಗಿಲು ಮಳಿಗಾಳಿ ಬರೋ ಪಡುವಣಕ್ಕೆ ಬ್ಯಾಡ. ಮ್ಯಾಲೆ ಒಂದಡಿ ಜಾಗ ಬಿಟ್ಟು ಇನ್ನೊಂದು ತಗಡಿನ ನೆರಳು ಹಾಕಿಸ್ರಿ, ಇಲ್ಲಾಂದ್ರ ಮಧ್ಯಾಹ್ನ ಒಳಗೆ ಕೂಡಾಕ ಆಗೂದಿಲ್ಲ.

ಮೊನ್ನೆ ನೋಡಲು ಬಂದ ಬೀಗರಿಗೆ ಅಪ್ಪಾರು ಹೇಳಾಕತ್ತಿದ್ರು: "ಕಟ್ಟಿದ ಗೋಡೆ ಸೀಳಿದ್ರ ಕೆಡವಬೇಕು. ಇದನ್ನ ಎತ್ತಿ ಮತ್ತ ಕೂಡಿಸಬಹುದು." ಈಗ ರಾತ್ರಿ ಒಳಗೇ ಚಿಲಕ ಹಾಕಿ ಮಲಗುತ್ತಾರೆ. ಮಧ್ಯಾಹ್ನ ಮಾತ್ರ ಇನ್ನೂ ಬೇವಿನ ಗಿಡದ ಕೆಳಗೇ.

ನೋಡಬೇಕಂದ್ರ ಬರ್ರಿ, ಚಾ ಕುಡಿದು ಹೋಗುವಿರಂತೆ.