ಎಳೆಸಿಕೊಂಡು ಹೋದದ್ದು

ಕಾರನ್ನು ಓಡಿಸುವುದು ಒಂದು ವಿದ್ಯೆ. ಕೆಟ್ಟ ಕಾರಿನಲ್ಲಿ ಕುಳಿತು ಎಳೆಸಿಕೊಂಡು ಹೋಗುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಸರ್ಕಾರದವರು ಪರೀಕ್ಷೆ ಮಾಡಿ ಲೈಸೆನ್ಸು ಕೊಡುತ್ತಾರೆ. ಎರಡನೆಯದನ್ನು ಕಲಿಸುವ ಶಾಲೆ ಎಲ್ಲಿಯೂ ಇದ್ದಂತಿಲ್ಲ. ನಡುದಾರಿಯಲ್ಲಿ ಹಗ್ಗ ಹಿಡಿದು ಬಂದವನೇ ಗುರು. ನನಗೆ ಆ ಗುರು ದೊರೆತದ್ದು 2022ರ ಶ್ರಾವಣ ಮಾಸದಲ್ಲಿ. ಅವನು ನನ್ನ ಒಡಹುಟ್ಟಿದ ಅಣ್ಣನೇ ಆಗಿದ್ದುದೂ, ಅವನಿಗೂ ನನಗೂ ಮಾತು ನಿಂತು ಆಗಲೇ ಮೂರು ವರ್ಷವಾಗಿದ್ದುದೂ ಆ ವಿದ್ಯೆಯನ್ನು ಕೊಂಚ ಕಠಿಣವಾಗಿಸಿದುವು.

ಮಾತು ನಿಂತ ಕಾರಣವನ್ನು ಇಲ್ಲಿ ವಿಸ್ತರಿಸುವುದಿಲ್ಲ. ತಂದೆಯವರು ಬಿಟ್ಟುಹೋದ ತೆಂಗಿನ ತೋಟ, ಎರಡು ಪಾಲು, ಒಂದೇ ಕೊಳವೆಬಾವಿ ಎಂದರೆ ಸಾಕು, ನಮ್ಮ ತಿಪಟೂರು ಸೀಮೆಯ ಓದುಗರಿಗೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಅಂದು ಅಮ್ಮನನ್ನು ಕರೆದುಕೊಂಡು ಅರಸೀಕೆರೆಯ ಕಡೆ ಒಂದು ನಾಮಕರಣಕ್ಕೆ ಹೊರಟಿದ್ದೆ. ಹೆದ್ದಾರಿಯ ಲಾರಿಗಳಿಗೆ ಹೆದರಿ ಹಳ್ಳಿಗಳ ಒಳದಾರಿ ಹಿಡಿದಿದ್ದೆ. ಊರು ಕಳೆದು ಸ್ವಲ್ಪ ದೂರ ಬಂದಿದ್ದೇವೆ, ಒಳಗೆ ಏನೋ ಕಡಿದಂತೆ ಸದ್ದಾಯಿತು, ಇಂಜಿನು ನಿಂತೇಹೋಯಿತು. ಸೆಕೆಂಡ್ ಹ್ಯಾಂಡ್ ಕಾರು. ಅದನ್ನು ದೂರಿ ಫಲವಿಲ್ಲ. ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಇಬ್ಬರು ಪುಣ್ಯಾತ್ಮರು ತಳ್ಳುತ್ತೇವೆಂದು ಮುಂದೆ ಬಂದರು. ವಿಮೆಯ ಸಹಾಯವಾಣಿಯವರು ‘ಎರಡೂವರೆ ಗಂಟೆ ಆಗಬಹುದು’ ಎಂದರು. ನಾನು ಇವರಿಬ್ಬರ ನಡುವೆ ತೂಗುತ್ತಿರುವಾಗ ಅಮ್ಮ ಹಿಂದಿನ ಸೀಟಿನಲ್ಲಿ ತನ್ನ ಬಟನ್ ಫೋನನ್ನು ಒತ್ತಿ, ನನ್ನನ್ನು ಒಂದು ಮಾತೂ ಕೇಳದೆ, ಅಣ್ಣನಿಗೆ ಹೇಳಿ ಮುಗಿಸಿದ್ದಳು.

ಕಾಲು ಗಂಟೆಯಲ್ಲಿ ಅಣ್ಣನ ಪಿಕಪ್ ಬಂತು. ಅವನು ಇಳಿದು ಅಮ್ಮನ ಕಡೆ ನೋಡಿ ‘ಸೆಲ್ಫ್ ಹೊಡೆಯೋಕೆ ಹೇಳಮ್ಮ’ ಎಂದ. ಹೊಡೆದೆ. ಹಗುರವಾಗಿ ತಿರುಗಿತೇ ಹೊರತು ಹಿಡಿಯಲಿಲ್ಲ. ‘ಟೈಮಿಂಗ್ ಬೆಲ್ಟ್ ಹೋಗಿದೆ. ತಳ್ಳಿ ಸ್ಟಾರ್ಟ್ ಮಾಡೋಕೆ ಹೋಗಬಾರದಂತೆ ಅಂತ ಹೇಳು, ವಾಲ್ವು ಬಗ್ಗುತ್ತೆ.’ ಎತ್ತಿನವರು ಕೈ ತೆಗೆದರು. ‘ಕೀ ತೆಗೀಬಾರದು ಅಂತ ಹೇಳು. ತೆಗೆದರೆ ಸ್ಟೀರಿಂಗು ಲಾಕ್ ಆಗುತ್ತೆ. ಗೇರು ನ್ಯೂಟ್ರಲ್ಲಿಗೆ ಹಾಕೋಕೆ ಹೇಳು.’ ನಾನು ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದೆ. ‘ಹಗ್ಗ ಬಂಪರಿಗೆ ಕಟ್ಟಬಾರದು, ಅಡೀಲಿ ಕೊಂಡಿ ಇರುತ್ತೆ’ ಎಂಬಲ್ಲಿಗೆ ಅಮ್ಮನಿಗೆ ಬೇಸರ ಬಂತು. ‘ನೀವೇ ಹೇಳ್ಕೊಳ್ರಪ್ಪ. ನನಗೆ ಈ ಗೇರು ಗೀರು ಒಂದೂ ತಿಳಿಯಲ್ಲ’ ಎಂದು ಕೈ ಝಾಡಿಸಿಬಿಟ್ಟಳು.

ಅಣ್ಣನೇ ಬಗ್ಗಿ ನೈಲಾನ್ ಹಗ್ಗವನ್ನು ಕಟ್ಟಿದ. ಎರಡು ಗಾಡಿಗೂ ನಡುವೆ ನಾಲ್ಕೂವರೆ ಮೀಟರು. ಹಗ್ಗ ಇರುವುದು ದಾರಿಹೋಕರಿಗೆ ಕಾಣಬೇಕೆಂದು ಅಮ್ಮ ನಾಮಕರಣಕ್ಕೆಂದು ತಂದಿದ್ದ ಕೆಂಪು ರವಿಕೆ ಕಣವನ್ನು ಕೊಟ್ಟಳು. ಅದನ್ನು ಹಗ್ಗದ ನಡುವಿಗೆ ಕಟ್ಟಿದೆವು. ಅಮ್ಮ ತನ್ನ ಜಾಗದಿಂದ ಏಳಲೊಲ್ಲಳು. ‘ಎಳೆಯೋ ಕಾರಲ್ಲಿ ಜನ ಕೂರಬಾರದು’ ಎಂದು ಅಣ್ಣ ಪಿಕಪ್ಪಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿದ.

ಈಗ ನಡುವೆ ದುಭಾಷಿ ಇಲ್ಲ. ಅವನು ನನ್ನ ಕಾರಿನ ಟೈರನ್ನು ನೋಡುತ್ತ ಹೇಳಿದ: ‘ಒಂದು ಸಲ ಹಾರನ್ ಹೊಡೆದರೆ ನಿಧಾನ. ಎರಡು ಸಲ ಅಂದರೆ ನಿಲ್ಲಿಸು ಅಂತ. ಹಗ್ಗ ಸಡಿಲ ಬಿಡಬಾರದು. ಇಳಿಜಾರಲ್ಲಿ ನಾನು ಬ್ರೇಕ್ ಹಿಡಿಯಲ್ಲ, ನೀನು ಹಿಡೀಬೇಕು. ಇಂಜಿನ್ ಇಲ್ಲದೆ ಬ್ರೇಕು ಕಲ್ಲಾಗಿರುತ್ತೆ, ಎರಡರಷ್ಟು ಒತ್ತು.’ ನಾನು ‘ಆಗಲಿ’ ಎಂದೆ.

ಬೆಂಗಳೂರಿನವರಿಗೆ ಟೋಯಿಂಗ್ ಎಂದರೆ ಪೋಲೀಸರು ತಪ್ಪು ಜಾಗದಲ್ಲಿ ನಿಂತ ಗಾಡಿಯನ್ನು ಹೊತ್ತೊಯ್ಯುವುದು. ಅದರಲ್ಲಿ ಒಡೆಯನಿಗೆ ದುಃಖವುಂಟೇ ಹೊರತು ಕೆಲಸವಿಲ್ಲ. ಹಗ್ಗದ ಹಿಂದೆ ಕೂತವನ ಪಾಡು ಬೇರೆ. ಎಲ್ಲಿಗೆ, ಎಷ್ಟು ಬೇಗ ಹೋಗಬೇಕೆಂಬುದು ಅವನ ಕೈಯಲ್ಲಿಲ್ಲ; ಆದರೆ ಎರಡು ಗಾಡಿಯ ಬ್ರೇಕೂ ಅವನ ಕಾಲಿನಲ್ಲಿದೆ. ಕಣ್ಣು ಮುಂದಿನ ಗಾಡಿಯ ಕೆಂಪು ದೀಪವನ್ನೂ ಹಗ್ಗವನ್ನೂ ಒಟ್ಟಿಗೆ ನೋಡಬೇಕು. ಆಮೇಲೆ ಮನೆಯಲ್ಲಿ ಕೂತು 1989ರ ರಸ್ತೆ ನಿಯಮಗಳನ್ನು ಹುಡುಕಿ ಓದಿದೆ. ಗಾಡಿಗಳ ನಡುವಿನ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 24 ಕಿಲೋಮೀಟರು ಮೀರಬಾರದು, ಹಿಂದಿನ ಕಾರಿನಲ್ಲಿ ಲೈಸೆನ್ಸು ಉಳ್ಳವನು ಕೂತಿರಬೇಕು, ಅದರ ಬೆನ್ನಿಗೆ 75 ಮಿಲಿಮೀಟರು ಎತ್ತರದ ಅಕ್ಷರಗಳಲ್ಲಿ ಎಳೆಯುತ್ತಿರುವ ಸಂಗತಿಯನ್ನು ಬರೆದಿರಬೇಕು. (24 ಎಂಬ ವಿಚಿತ್ರ ಸಂಖ್ಯೆ ಹಳೆಯ 15 ಮೈಲಿಯ ಅವತಾರವಿರಬೇಕೆಂದು ನನ್ನ ಊಹೆ.) 2017ರಲ್ಲಿ ಬೇರೆ ನಿಯಮಗಳು ಬಂದುವು. ಅಣ್ಣ ಯಾವುದನ್ನೂ ಓದಿದವನಲ್ಲ. ಆದರೂ ನಾವು ಬರೆಯದೆ ಬಿಟ್ಟ ಆ ಅಕ್ಷರಗಳ ಹೊರತು ಎಲ್ಲವನ್ನೂ ಪಾಲಿಸಿದ್ದ.

ಮೂರು ಕಿಲೋಮೀಟರು ಸುಖವಾಗಿ ಸಾಗಿತು. ಆಮೇಲೆ ಕೆರೆಯ ಏರಿ ಬಂತು. ಏರಿಯ ಮೇಲೆ ಹೋಗಿ, ತೂಬಿನ ಆಚೆ ರಸ್ತೆ ಇಳಿಯುತ್ತದೆ. ನಾನು ನೀರನ್ನು ನೋಡಿದೆನೋ, ಮೂರು ವರ್ಷದ ಮಾತನ್ನು ನೆನೆದೆನೋ, ಹಗ್ಗ ಜೋತು ನೆಲ ಮುಟ್ಟಿದ್ದು ತಡವಾಗಿ ಕಂಡಿತು. ಬ್ರೇಕನ್ನು ದಿನದಂತೆ ಒತ್ತಿದೆ. ಕಾರು ಕೇಳಲಿಲ್ಲ. ಎರಡು ಕಾಲನ್ನೂ ಹಾಕಿದೆ. ಪಿಕಪ್ಪಿನ ಹಿಂಬಾಗಿಲು ಕೈಗೆಟುಕುವಷ್ಟು ಬಳಿ ಬಂತು. ಅದರ ಗಾಜಿನೊಳಗೆ ಅಮ್ಮನ ಬಿಳಿಯ ತುರುಬು ಕಂಡಿತು. ಹಾರನ್ ಹೊಡೆಯಬೇಕೆಂಬುದೇ ಮರೆಯಿತು. ಅಣ್ಣ ಕನ್ನಡಿಯಲ್ಲಿ ನೋಡುತ್ತಲೇ ಇದ್ದಿರಬೇಕು. ಬ್ರೇಕ್ ಹಿಡಿದಿದ್ದರೆ ನಾನು ಅವರಿಬ್ಬರ ಮೇಲೆ ಹೋಗಿ ಬೀಳುತ್ತಿದ್ದೆ. ಅವನು ಹಿಡಿಯಲಿಲ್ಲ, ಮೆಲ್ಲಗೆ ವೇಗ ಹೆಚ್ಚಿಸಿ ನನಗೆ ಜಾಗ ಬಿಟ್ಟ. ಅಷ್ಟರಲ್ಲಿ ನನ್ನ ಬ್ರೇಕು ಹಿಡಿಯಿತು, ಹಗ್ಗ ನೆಲದಿಂದ ಎದ್ದು ‘ಟಣ್’ ಎಂದು ಬಿಗಿಯಿತು.

ಮಟ್ಟಸವಾದ ಕಡೆ ನಿಲ್ಲಿಸಿ ಇಳಿದು ಬಂದ. ಬೈಗುಳಕ್ಕೆ ಸಿದ್ಧನಾಗಿ ಗಾಜು ಇಳಿಸಿದೆ. ಅವನು ಗಂಟನ್ನು ಮುಟ್ಟಿ ನೋಡಿ ನನ್ನ ಕಿಟಕಿಗೆ ಬಂದ.

‘ಹೆದರಿಕೊಂಡ್ಯಾ?’

‘ಹೂಂ’ ಎಂದೆ.

‘ನಾನೂ’ ಎಂದು ಹೇಳಿ ಹೋಗಿ ಹತ್ತಿದ.

ಉಳಿದ ದಾರಿಯಲ್ಲಿ ನಾನು ಹಗ್ಗದ ಮೇಲಿನ ಆ ಕೆಂಪು ಬಟ್ಟೆಯನ್ನು ನೋಡಿದಷ್ಟು ಏಕಾಗ್ರತೆಯಿಂದ ಯಾವ ಗ್ರಂಥವನ್ನೂ ನೋಡಿದವನಲ್ಲ. ಘಾಟಿಯಾಗಲಿ ಹೆದ್ದಾರಿಯಾಗಲಿ ಆಗಿದ್ದರೆ ಹಗ್ಗ ಕಟ್ಟುತ್ತಲೇ ಇರಲಿಲ್ಲ, ಗಾಡಿಯ ಮೇಲೆ ಹೊತ್ತೊಯ್ಯುವವರಿಗಾಗಿ ಸಂಜೆಯವರೆಗೂ ಕಾಯಿಸುತ್ತಿದ್ದೆ ಎಂದು ಅಣ್ಣ ಗ್ಯಾರೇಜಿನಲ್ಲಿ ಹೇಳಿದ. ಗೇರು ತಾನೇ ಬದಲಾಗುವ ಕಾರುಗಳನ್ನು ಚಕ್ರ ನೆಲಕ್ಕೆ ಬಿಟ್ಟು ಎಳೆದರೆ ಗೇರುಪೆಟ್ಟಿಗೆಯೇ ಕೆಡಬಹುದು ಎಂದು ಮೆಕ್ಯಾನಿಕ್ಕು ಸೇರಿಸಿದ. ನನ್ನ ಕಾರಿಗೆ ಅಷ್ಟು ಯೋಗ್ಯತೆ ಇರಲಿಲ್ಲ.

ಗಂಟು ಬಿಗಿದು ಕೂತಿತ್ತು. ಸ್ಕ್ರೂಡ್ರೈವರ್ ತೂರಿಸಿ ಬಿಡಿಸುತ್ತಿರುವಾಗ ನಾನು ಒಂದು ಮೂರ್ಖತನ ಮಾಡಿದೆ: ‘ಡೀಸೆಲ್ಲಿಗೆ ಏನಾದರೂ…’ ಎಂದೆ. ಅವನು ಕೇಳಿಸದವನಂತೆ ಹಗ್ಗ ಸುತ್ತಿದ. ಅಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಕಡೆಗೆ ಸುರುಳಿಯನ್ನು ನನ್ನ ಡಿಕ್ಕಿಯೊಳಗೆ ಎಸೆದು, ‘ಇಟ್ಕೋ. ಈ ಕಾರು ಇನ್ನೊಂದು ಸಲ ನಿಲ್ಲುತ್ತೆ’ ಎಂದ.

ಕೊಳವೆಬಾವಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅಣ್ಣನ ಮಾತು ಸುಳ್ಳಾಗಲಿಲ್ಲ. ಕಾರು ಆಮೇಲೆ ಎರಡು ಸಲ ನಿಂತಿದೆ. ಎರಡು ಸಲವೂ ಫೋನು ಮಾಡಿದವನು ನಾನೇ.